ಊರಿಗೆ ಫೋನ್ ಮಾಡೋಕೆ ಯಾವ ಪ್ಲಾನ್ ಬೇಕು?

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಅಮೆರಿಕಕ್ಕೆ ಓದಲು ಬರುವ ಹುಡುಗರು ಬಂದ ವಾರದಲ್ಲೇ ಕೇಳುತ್ತಾರೆ: ಅಣ್ಣಾ, ಯಾವ ಸಿಮ್ ತಗೊಳ್ಳಲಿ? ನಾನು ತಿರುಗಿ ಕೇಳೋದು ಒಂದೇ. ಊರಲ್ಲಿ ಫೋನ್ ಎತ್ತೋರು ಯಾರು, ಅವರ ಕೈಯಲ್ಲಿ ಯಾವ ಫೋನಿದೆ?

ಮನೆ ದಾವಣಗೆರೆಯ ವಿದ್ಯಾನಗರದಲ್ಲಿದ್ದು, ವೈಫೈ ಇದ್ದರೆ ವಾಟ್ಸಾಪ್ ಸಾಕು. ಅಂಥವರು ಊರಿನ ಕರೆಗೆಂದು ದುಡ್ಡು ಸುರಿಯಬೇಡಿ. ಇಲ್ಲಿನ ಓಡಾಟಕ್ಕೆ ಒಂದು ಅಗ್ಗದ ಪ್ರೀಪೇಯ್ಡ್ ಪ್ಲಾನ್ ತಗೊಳ್ಳಿ. ಮಿಂಟ್, ವಿಸಿಬಲ್ ತರಹದವು ದೊಡ್ಡ ಕಂಪನಿಗಳ ಟವರ್ ಮೇಲೇ ನಡೆಯುತ್ತವೆ. ತಿಂಗಳಿಗೆ 15ರಿಂದ 30 ಡಾಲರ್‌ನಲ್ಲಿ ಮುಗಿಯುತ್ತದೆ. ಪೋಸ್ಟ್‌ಪೇಯ್ಡ್‌ಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ತಗೊಂಡು ತೀರಿಸಿದ ದಾಖಲೆ, ನೋಡ್ತಾರೆ. ಹೊಸಬರಿಗೆ ಅದು ಎಲ್ಲಿಂದ ಬರಬೇಕು ಹೇಳಿ?

ಹೊಳಲ್ಕೆರೆ, ಜಗಳೂರು ಕಡೆಯ ಹಳ್ಳಿಯಾದರೆ ಲೆಕ್ಕ ಬೇರೆ. ನಮ್ಮವ್ವನಿಗೆ ಗುಂಡಿ ಒತ್ತುವ ಫೋನೇ ಬೇಕು. ಅಕ್ಕನ ಮಗನ ಫೋನಿಗೆ ವಿಡಿಯೋ ಕಾಲ್ ಮಾಡಿದರೆ ಅರ್ಧ ಹೊತ್ತು ಅವ್ವನ ಹಣೆ, ಇನ್ನರ್ಧ ಮನೆಯ ಜಂತಿ ಕಾಣುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತೆ, ವೈಫೈ ಹೋಗುತ್ತೆ, "ಹಲೋ, ಕೇಳಿಸ್ತಾ" ಅನ್ನೋದರಲ್ಲೇ ಮಾತು ಮುಗೀತು. ಇಂಥ ಮನೆಗೆ ನೇರವಾಗಿ ನಂಬರಿಗೇ ಹೋಗುವ ಕರೆ ಬೇಕು. ಬ್ಯಾಂಕಿನ ಲ್ಯಾಂಡ್‌ಲೈನ್‌ಗೆ ಮಾಡಬೇಕಾದರೂ ಅಷ್ಟೇ.

ಅದಕ್ಕೆ ಎರಡು ದಾರಿ. ಭಾರತದ ಕರೆಯೂ ಸೇರಿರುವ ಪ್ಲಾನ್ ಒಂದು, ಇಂಟರ್ನೆಟ್ ಮೂಲಕ ಮಾಮೂಲಿ ನಂಬರಿಗೂ ಕರೆ ಮಾಡಿಸುವ ಗೂಗಲ್ ವಾಯ್ಸ್ ಆ್ಯಪ್ ಇನ್ನೊಂದು. ಎರಡನೆಯದಕ್ಕೆ ಮೊದಲೇ ದುಡ್ಡು ಹಾಕಿಟ್ಟರೆ ನಿಮಿಷದ ಲೆಕ್ಕದಲ್ಲಿ ಕಡಿತವಾಗುತ್ತದೆ. ಕೆಲವೇ ಸೆಂಟ್‌ನ ಮಾತು. ಆದರೆ ಅದನ್ನು ಶುರು ಮಾಡೋಕೆ ಇಲ್ಲಿನ ನಂಬರ್ ಒಂದಿರಬೇಕು. ಪ್ಲಾನ್ ಮೇಲೆ 'ಅನ್‌ಲಿಮಿಟೆಡ್ ಟಾಕ್' ಅಂತ ಕಂಡರೆ ಹಿಗ್ಗಬೇಡಿ. ಅದು ಸಾಮಾನ್ಯವಾಗಿ ಅಮೆರಿಕದೊಳಗಿನ ಮಾತು. ಭಾರತದ ಮೊಬೈಲ್‌ಗೂ ಸೇರುತ್ತಾ ಅಂತ ಸಣ್ಣಕ್ಷರ ಓದಿ. ಸ್ಕೈಪ್ ಹಾಕ್ಕೋ ಅಂತ ಯಾರಾದರೂ ಹಿರಿಯರು ಹೇಳಿದರೆ ಸುಮ್ನೆ ತಲೆಯಾಡಿಸಿ. ಅದು 2025ರ ಮೇನಲ್ಲೇ ಮುಚ್ಚಿತು.

ದುಬೈಗೆ ಹೋಗುವವರಿಗೆ ಈ ಲೆಕ್ಕ ನಡೆಯಲ್ಲ. ಅಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತೆ, ಕರೆಗೆ ತಡೆ ಇದೆ. ಬೋಟಿಮ್‌ನಂಥ ಒಪ್ಪಿಗೆ ಪಡೆದ ಆ್ಯಪ್ ಬೇಕು.

ಇನ್ನು ಊರಿನ ಸಿಮ್. ಅದನ್ನು ಸಾಯಲು ಬಿಡಬೇಡಿ. ಬ್ಯಾಂಕಿನ ಒಟಿಪಿ ಬರೋದು ಅದಕ್ಕೇ. 90 ದಿನ ಬಳಸದೇ ಬಿಟ್ಟರೆ ನಂಬರ್ ಕೈತಪ್ಪಬಹುದು. ಹೊರಡುವ ಮೊದಲೇ ದಾವಣಗೆರೆಯಲ್ಲೇ ಅಂಗಡಿಗೆ ಹೋಗಿ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ, ಆಗೋದಾದರೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್, ಮಾಡಿಸಿಕೊಳ್ಳಿ. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಇಲ್ಲಿ ಬಂದು ಹೊಸ ಫೋನ್ ಕೊಂಡು, ಸಿಮ್ ಬೆರಳಲ್ಲಿ ಹಿಡಿದು ಎಲ್ಲಿ ತೂರಿಸೋದು ಅಂತ ನೋಡಿದವರು ಜಾಸ್ತಿ ಇದ್ದಾರೆ. ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್ ಇರಲಿ, ಅದಕ್ಕೆ ಬಂದ ಕರೆ ಎತ್ತಬೇಡಿ. ವಾಟ್ಸಾಪ್ ಹಳೇ ನಂಬರಿನಲ್ಲೇ ಇರಲಿ, ಬದಲಿಸುವ ಅಗತ್ಯವಿಲ್ಲ.

ವಾಟ್ಸಾಪ್‌ನಿಂದ 911ಕ್ಕೆ, ಅಂದರೆ ಇಲ್ಲಿನ ತುರ್ತು ಸಹಾಯದ ನಂಬರಿಗೆ, ಕರೆ ಹೋಗಲ್ಲ. ಅದಕ್ಕೇ ಎಷ್ಟೇ ಅಗ್ಗದ್ದಾದರೂ ಇಲ್ಲಿನ ಒಂದು ನಂಬರ್ ಇರಲೇಬೇಕು. ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಹೋಗುವ ಮಾಮೂಲಿ ಕರೆ) ಆನ್ ಮಾಡುವಾಗ 911ಕ್ಕಾಗಿ ನಿಮ್ಮ ವಿಳಾಸ ಕೇಳುತ್ತದೆ. ರೂಮ್ ಬದಲಿಸಿದ ದಿನವೇ ಅದನ್ನೂ ಬದಲಿಸಿ.