ಟನಲ್‌ಗೆ ಹೊರಗೊಂದು ಟೇಬಲ್, ಒಳಗೊಂದು ಟೇಬಲ್

ಹುಬ್ಬಳ್ಳಿ ಬ್ರಾಂಚಿನ ಟ್ರಾಫಿಕ್ಕೆಲ್ಲ ಬೆಂಗಳೂರಿನ ಹೆಡ್ ಆಫೀಸಿನ ಫೈರ್‌ವಾಲ್ ದಾಟಿಯೇ ಇಂಟರ್ನೆಟ್‌ಗೆ ಹೋಗಬೇಕಿತ್ತು. ಅಂದರೆ ಬ್ರಾಂಚ್ ರೂಟರ್‌ನ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ವಿಳಾಸಗಳಿಗೆಲ್ಲ ಹಿಡಿಯುವ ದಾರಿ) ಬೆಂಗಳೂರಿಗೆ ಹೋಗುವ ಟನಲ್ ಕಡೆ ಇರಬೇಕು. ಟನಲ್ ಅಂದರೆ ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಇಟ್ಟು ಕಳಿಸುವ ದಾರಿ. ಆದರೆ ಆ ಟನಲ್ ಓಡುವುದು ಬ್ರಾಡ್‌ಬ್ಯಾಂಡ್ ಮೇಲೆ. ಬೆಂಗಳೂರಿನ ಪಬ್ಲಿಕ್ ವಿಳಾಸ ತಲುಪಲು ಅದಕ್ಕೂ ಒಂದು ಡಿಫಾಲ್ಟ್ ಬೇಕು, ಅಲ್ವಾ?

ಒಂದೇ ರೂಟಿಂಗ್ ಟೇಬಲ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ) ಇವೆರಡೂ ಹೊಂದುವುದಿಲ್ಲ. ಸಿಸ್ಕೊ ರೂಟರ್‌ನಲ್ಲಿ ಡಿಎಚ್‌ಸಿಪಿಯಿಂದ (ಲೈನ್ ಕೊಡುವವರಿಂದ ವಿಳಾಸ ತಾನಾಗಿ ಪಡೆಯುವ ವಿಧಾನ) ಬಂದ ಡಿಫಾಲ್ಟ್‌ನ ಡಿಸ್ಟೆನ್ಸ್ 254, ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ಹಂಚಿಕೊಳ್ಳುವ ಓಎಸ್‌ಪಿಎಫ್‌ನದು 110. ಡಿಸ್ಟೆನ್ಸ್ ಕಡಿಮೆ ಇದ್ದ ದಾರಿಗೇ ಆದ್ಯತೆ. ಟನಲ್ ಏರಿ ಓಎಸ್‌ಪಿಎಫ್ ಕೂಡಿಕೊಂಡ ಕೂಡಲೇ ಟನಲ್‌ನಿಂದ ಬಂದ ಡಿಫಾಲ್ಟ್ ಗೆಲ್ಲುತ್ತದೆ. ಆಗ ಟನಲ್‌ನ ಹೊರಗಿನ ಪ್ಯಾಕೆಟ್ಟೇ ಟನಲ್ ಒಳಗೆ ನುಗ್ಗಲು ನೋಡುತ್ತದೆ. ರೂಟರ್ ‘ರಿಕರ್ಸಿವ್ ರೂಟಿಂಗ್’ ಎಂದು ಲಾಗ್ ಬರೆದು ಟನಲ್ ಇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಏರಿಸುತ್ತದೆ, ಮತ್ತೆ ಅದೇ ಕಥೆ. ಬೆಂಗಳೂರಿನ ವಿಳಾಸಕ್ಕೆ ಮಾತ್ರ ಒಂದು /32 ಸ್ಟ್ಯಾಟಿಕ್ ರೂಟ್ (ಆ ಒಂದೇ ವಿಳಾಸಕ್ಕೆ ಕೈಯಾರೆ ಬರೆದ ದಾರಿ) ಹಾಕಿ ತಪ್ಪಿಸಬಹುದು. ಲೈನ್ ಒಂದೇ ಇದ್ದರೆ ಅದು ಸಾಕು. ನಮಗೆ ಎರಡು ಲೈನ್ ಇದ್ದವು, ಆಚೆ ಕಡೆಯ ವಿಳಾಸ ಒಂದೇ. ಎರಡು ಟನಲ್ ಬೇರೆ ಬೇರೆ ಲೈನ್ ಹಿಡಿಯಬೇಕೆಂದರೆ ಆ ಉಪಾಯ ನಡೆಯುವುದಿಲ್ಲ.

ಹಾಗಾಗಿ ಪ್ರತಿ ಬ್ರಾಡ್‌ಬ್ಯಾಂಡ್ ಪೋರ್ಟನ್ನೂ ಅದರದೇ ವಿಆರ್‌ಎಫ್‌ಗೆ, ಅಂದರೆ ಅದೇ ರೂಟರ್‌ನೊಳಗಿನ ಪ್ರತ್ಯೇಕ ರೂಟಿಂಗ್ ಟೇಬಲ್‌ಗೆ, ಹಾಕಿದೆ. ಇದಕ್ಕೆ ಫ್ರಂಟ್ ಡೋರ್ ವಿಆರ್‌ಎಫ್ ಅನ್ನುತ್ತಾರೆ. ಪೋರ್ಟ್ ಯಾವ ವಿಆರ್‌ಎಫ್‌ನಲ್ಲಿದೆಯೋ ಡಿಎಚ್‌ಸಿಪಿ ಡಿಫಾಲ್ಟ್ ಆ ಟೇಬಲ್‌ಗೇ ಬಂದು ಕೂರುತ್ತದೆ. ಆಫೀಸಿನ ಲ್ಯಾನ್, ಓಎಸ್‌ಪಿಎಫ್ ಎರಡೂ ರೂಟರ್‌ನ ಮೂಲ ಟೇಬಲ್ ಆದ ಗ್ಲೋಬಲ್ ಟೇಬಲ್‌ನಲ್ಲೇ ಉಳಿದವು.

ಎಲ್ಲರೂ ಗೊಂದಲಕ್ಕೆ ಬೀಳುವುದು ಟನಲ್ ಕೆಳಗಿನ ಎರಡು ಕಮಾಂಡ್‌ಗಳಲ್ಲಿ. ‘ವಿಆರ್‌ಎಫ್ ಫಾರ್ವರ್ಡಿಂಗ್’ ಹೇಳುವುದು ಟನಲ್ ಒಳಗಿನ ಪ್ಯಾಕೆಟ್ ಯಾವ ಟೇಬಲ್‌ಗೆ ಸೇರಿದ್ದು ಎಂದು. ‘ಟನಲ್ ವಿಆರ್‌ಎಫ್’ ಹೇಳುವುದು ಟನಲ್ ಡೆಸ್ಟಿನೇಶನ್‌ಗೆ ದಾರಿ ಯಾವ ಟೇಬಲ್‌ನಲ್ಲಿ ಹುಡುಕಬೇಕು ಎಂದು. ನಮ್ಮದರಲ್ಲಿ ಮೊದಲನೆಯದು ಬೇಕೇ ಇರಲಿಲ್ಲ, ಎರಡನೆಯದು ಸಾಕು. ಟನಲ್ ಸೋರ್ಸ್ ಪೋರ್ಟ್ ಕೂಡ ಅದೇ ವಿಆರ್‌ಎಫ್‌ನಲ್ಲಿರಬೇಕು. ಕಾಗದದ ಮೇಲೆ ಎರಡು ಟೇಬಲ್ ಬರೆದು, ಪ್ರತಿ ಇಂಟರ್ಫೇಸ್ ಎಲ್ಲಿ ಕೂರುತ್ತದೆ ಎಂದು ಗುರುತು ಮಾಡಿಕೊಂಡೇ ನಾನು ಕೀಬೋರ್ಡ್ ಮುಟ್ಟುವುದು. ಸುಮ್ನೆ ಕಮಾಂಡ್ ಕಾಪಿ ಮಾಡಿದರೆ ಇದು ತಲೆಗೆ ಹತ್ತುವುದಿಲ್ಲ.

ದೂರದಿಂದ ಕೆಲಸ ಮಾಡುವವರು ಒಂದು ಮಾತು ನೆನಪಿಡಿ. ಪೋರ್ಟ್‌ಗೆ ವಿಆರ್‌ಎಫ್ ಹಾಕಿದ ಕ್ಷಣವೇ ಅದರ ಐಪಿ ವಿಳಾಸ ಅಳಿಸಿಹೋಗುತ್ತದೆ. ನಿಮ್ಮ ಸೆಷನ್ನೂ ಹೋಗುತ್ತದೆ. ನಾನು ಬದಲಾವಣೆಗಳನ್ನೆಲ್ಲ ಒಂದು ಫೈಲ್‌ನಲ್ಲಿ ಬರೆದು ಫ್ಲ್ಯಾಶ್‌ಗೆ ಹಾಕಿ, ಅಲ್ಲಿಂದ ರನ್ನಿಂಗ್ ಕಾನ್ಫಿಗ್‌ಗೆ (ಈಗ ಚಾಲ್ತಿಯಲ್ಲಿರುವ ಸೆಟ್ಟಿಂಗ್) ಕಾಪಿ ಕೊಡುತ್ತೇನೆ. ಸೆಷನ್ ಕಡಿದರೂ ಉಳಿದ ಸಾಲುಗಳು ಓಡುತ್ತವೆ. ಅದಕ್ಕೂ ಮೊದಲು ‘ರಿಲೋಡ್ ಇನ್ 10’, ಅಂದರೆ ಹತ್ತು ನಿಮಿಷಕ್ಕೆ ರೂಟರ್ ರೀಸ್ಟಾರ್ಟ್ ಆಗಲಿ ಎಂಬ ಕಮಾಂಡ್. ಕೈಗೆ ಸಿಗದಿದ್ದರೆ ರೂಟರ್ ತಾನೇ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಎಲ್ಲ ಸರಿ ಇದ್ದರೆ ರಿಲೋಡ್ ರದ್ದು ಮಾಡಿ, ಆಮೇಲೆ ಸೇವ್.

ಟನಲ್‌ನ ಟ್ರಾಫಿಕ್ ಎನ್‌ಕ್ರಿಪ್ಟ್ ಮಾಡುವ ಐಪಿಸೆಕ್ ಸೇರಿಸುವಾಗ, ಅದಕ್ಕೆ ಎರಡೂ ಬದಿಯ ನಡುವೆ ಕೀಲಿ ಒಪ್ಪಂದ ಮಾಡುವ ಐಕೆಇವಿ2ನ ಪಾಲಿಸಿಯಲ್ಲೂ ಪ್ರೊಫೈಲ್‌ನಲ್ಲೂ ‘ಮ್ಯಾಚ್ ಎಫ್‌ವಿಆರ್‌ಎಫ್’ (ಎಫ್ ಅಂದರೆ ಫ್ರಂಟ್ ಡೋರ್) ಸಾಲು ಬೇಕು. ಬರೆಯದಿದ್ದರೆ ಅದು ಗ್ಲೋಬಲ್ ಟೇಬಲ್ ಎಂದೇ ಎಣಿಸುತ್ತದೆ. ಪಾಸ್‌ವರ್ಡ್ ಸರಿ ಇದೆ, ವಿಳಾಸ ಸರಿ ಇದೆ, ಆದರೂ ಐಕೆಇ ಏಳುತ್ತಿಲ್ಲ ಎಂದರೆ ನಾನು ಮೊದಲು ನೋಡುವುದು ಇದನ್ನೇ.

ನಮ್ಮ ಟನಲ್‌ನ ಬಗೆ ಜಿಆರ್‌ಇ; ಅದೊಂದೇ ಪ್ರತಿ ಪ್ಯಾಕೆಟ್‌ನಲ್ಲಿ 24 ಬೈಟ್ ತಿನ್ನುತ್ತದೆ, ಐಪಿಸೆಕ್ ಇನ್ನಷ್ಟು. ಟನಲ್ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1400, ಟಿಸಿಪಿ ಎಂಎಸ್‌ಎಸ್ (ಅದರೊಳಗಿನ ಡೇಟಾದ ಗರಿಷ್ಠ ಗಾತ್ರ) 1360 ಇಟ್ಟೆ. ಜಿಆರ್‌ಇ ಕೀಪ್‌ಅಲೈವ್ (ಆಚೆ ಬದಿ ಬದುಕಿದೆಯೇ ಎಂದು ಆಗಾಗ ಕೇಳುವ ಪ್ಯಾಕೆಟ್) ಹಾಕಲಿಲ್ಲ. ಒಳಗಿನ ಟೇಬಲ್ ಬೇರೆ, ಹೊರಗಿನ ಟೇಬಲ್ ಬೇರೆ ಆದಾಗ ಅದರ ಉತ್ತರ ತಪ್ಪು ಟೇಬಲ್‌ನಲ್ಲಿ ದಾರಿ ಹುಡುಕುತ್ತದೆ, ಆಚೆ ಬದಿ ಸತ್ತಿದೆ ಎಂದುಕೊಂಡು ಟನಲ್ ಬೀಳುತ್ತದೆ. ಓಎಸ್‌ಪಿಎಫ್ ಹೆಲೋ, ಐಕೆಇಯ ಡಿಪಿಡಿ ಆ ಕೆಲಸ ಚೆನ್ನಾಗಿ ಮಾಡುತ್ತವೆ.

ತಪಾಸಣೆ ಮಾಡುವಾಗ ಬರೀ ಪಿಂಗ್ ಕೊಟ್ಟರೆ ಅದು ಗ್ಲೋಬಲ್ ಟೇಬಲ್‌ನಿಂದ ಹೋಗುತ್ತದೆ. ಲೈನ್ ಪರೀಕ್ಷಿಸಲು ವಿಆರ್‌ಎಫ್ ಹೆಸರು ಸೇರಿಸಿಯೇ ಕೊಡಬೇಕು, ಟೇಬಲ್ ನೋಡುವಾಗಲೂ ಹಾಗೆಯೇ. ಸಮಯ ಹೊಂದಿಸುವ ಎನ್‌ಟಿಪಿ, ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್, ಲಾಗ್ ಸರ್ವರ್ ಹೊರಗಡೆ ಇದ್ದರೆ ಅವಕ್ಕೂ ವಿಆರ್‌ಎಫ್ ಹೆಸರು ಕೊಡಬೇಕು.

ಎರಡನೇ ಲೈನ್‌ಗೆ ಇನ್ನೊಂದು ವಿಆರ್‌ಎಫ್, ಇನ್ನೊಂದು ಟನಲ್, ಸ್ವಲ್ಪ ಜಾಸ್ತಿ ಓಎಸ್‌ಪಿಎಫ್ ಕಾಸ್ಟ್ (ಕಾಸ್ಟ್ ಕಡಿಮೆ ಇರುವ ದಾರಿಯನ್ನೇ ಓಎಸ್‌ಪಿಎಫ್ ಮೊದಲು ಹಿಡಿಯುತ್ತದೆ). ಎರಡು ಡಿಫಾಲ್ಟ್‌ಗಳು ಜಗಳವಿಲ್ಲದೆ ತಮ್ಮ ತಮ್ಮ ಟೇಬಲ್‌ನಲ್ಲಿವೆ. ಮೊದಲ ಲೈನ್‌ನ ಕೇಬಲ್ ಕಿತ್ತು ನೋಡಿದಾಗ ಟ್ರಾಫಿಕ್ ಎರಡನೇ ಟನಲ್‌ಗೆ ಹೊರಳಿತು. ಇನ್ನು ಆ ಬ್ರಾಡ್‌ಬ್ಯಾಂಡ್ ಪೋರ್ಟ್‌ಗಳ ಮೇಲೆ ಐಪಿಸೆಕ್‌ಗೆ ಬೇಕಾದ ಯುಡಿಪಿ 500, 4500, ಇಎಸ್‌ಪಿ ಮತ್ತು ವಿಳಾಸಕ್ಕೆ ಬೇಕಾದ ಡಿಎಚ್‌ಸಿಪಿ ಬಿಟ್ಟು ಉಳಿದಿದ್ದೆಲ್ಲ ಮುಚ್ಚಿದ್ದೇನೆ. ಲೈನ್ ಪರೀಕ್ಷೆಗೆಂದು ಪಿಂಗ್ ಉತ್ತರ ಮಾತ್ರ ಒಳಗೆ ಬರಲು ಬಿಟ್ಟಿದ್ದೇನೆ.