ಸಂಡೇ ಸ್ಕೂಲ್ ಮಕ್ಕಳ ಕೈಯಲ್ಲಿ ಕ್ರಿಸ್‌ಮಸ್: ಎಲೆ, ನಕ್ಷತ್ರ, ಗೆರಟೆಯ ಪೈರು

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸಂಡೇ ಸ್ಕೂಲಿಗೆ ಟೀಚರಾಗಿ ಸೇರಿದ ವರ್ಷ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಮಕ್ಕಳಿಂದ ನಕ್ಷತ್ರ ಮಾಡಿಸಿದ್ದೆವು. ಕೆಲವು ಸೊಟ್ಟ, ಕೆಲವಕ್ಕೆ ಮೈತುಂಬ ಅಂಟು, ಒಂದಕ್ಕಂತೂ ಆರು ಮೂಲೆ. ಹಿಂದಿನ ರಾತ್ರಿ ನಾವು ಮೂವರು ಟೀಚರ್‌ಗಳು ಹನ್ನೊಂದು ಗಂಟೆವರೆಗೆ ಕೂತು ಎಲ್ಲವನ್ನೂ ಬಿಚ್ಚಿ, ಕತ್ತರಿಸಿ, ಹೊಸ ಕಾಗದ ಹಚ್ಚಿ ಚಂದ ಮಾಡಿ ತೂಗುಹಾಕಿದೆವು. ಮರುದಿನ ಎರಡನೇ ಕ್ಲಾಸಿನ ಹುಡುಗನೊಬ್ಬ ಕತ್ತೆತ್ತಿಕೊಂಡು ನಕ್ಷತ್ರಗಳ ಕೆಳಗೆ ಎರಡು ಸುತ್ತು ನಡೆದ. ಆಮೇಲೆ ನನ್ನ ಹತ್ತಿರ ಬಂದು, "ಟೀಚರ್, ನಂದು ಎಲ್ಲುಂಟು?" ಅಂದ.

ನನಗೂ ಗೊತ್ತಾಗಲಿಲ್ಲ.

ಆಮೇಲೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಬಂತು. ದೊಡ್ಡವರು ಅಂಟು ಕುದಿಸಬಹುದು, ಬಿದಿರು ಸೀಳಬಹುದು, ಅಳತೆಗೆ ಗುರುತು ಹಾಕಬಹುದು. ಆದರೆ ಮಗು ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸುವ ಹಾಗಿಲ್ಲ. ಕೆಳಗೆ ಹೇಳಿರುವ ಮೂರೂ ಕೆಲಸಗಳನ್ನು ಇದೇ ಲೆಕ್ಕದಲ್ಲಿ ಆರಿಸಿಕೊಂಡದ್ದು. ಸೊಟ್ಟ ಆದರೂ ನಿಲ್ಲಬೇಕು, ನೋಡುವ ಹಾಗೂ ಇರಬೇಕು. ಮೂರಕ್ಕೂ ಬೇಕಾದ್ದು ನಮ್ಮ ಕರಾವಳಿಯ ಹಿತ್ತಲಲ್ಲಿ, ಅಡುಗೆಮನೆಯಲ್ಲಿ ಸಿಗುತ್ತದೆ. ಪೇಟೆಯಿಂದ ತರಬೇಕಾದ್ದು ಕಾಗದ, ನೂಲು, ಬಣ್ಣ ಅಷ್ಟೇ.

ಶುರು ಮಾಡುವುದು ಹಿಂದಿನಿಂದ

ಕ್ಯಾಲೆಂಡರ್ ತೆಗೆದು ಡಿಸೆಂಬರ್ 24ರಿಂದ ಹಿಂದಕ್ಕೆ ಎಣಿಸಿ. ಸಂಡೇ ಸ್ಕೂಲ್ ಅಂದರೆ ವಾರಕ್ಕೆ ಒಂದು ಗಂಟೆ. ಅದರಲ್ಲಿ ಪ್ರಾರ್ಥನೆ, ಹಾಡು, ಪಾಠ, ನಾಟಕದ ಪ್ರಾಕ್ಟೀಸ್ ಕಳೆದರೆ ಕೈಕೆಲಸಕ್ಕೆ ಉಳಿಯುವುದು ಇಪ್ಪತ್ತೈದು ನಿಮಿಷ. ಹಾಗಾಗಿ ಒಂದು ಭಾನುವಾರ ಒಂದೇ ಹಂತ. ಅಂಟು ಒಣಗುವುದು, ಎಲೆ ಕೊಳೆಯುವುದು, ರಾಗಿ ಮೊಳೆಯುವುದು ಎಲ್ಲ ವಾರದ ನಡುವೆ ತನ್ನಷ್ಟಕ್ಕೆ ಆಗುತ್ತಿರಲಿ. ಎಲೆಯನ್ನು ನವೆಂಬರ್ ಮೂರನೇ ವಾರದಲ್ಲೇ ನೀರಿಗೆ ಹಾಕಬೇಕು. ನಕ್ಷತ್ರಕ್ಕೆ ಡಿಸೆಂಬರ್‌ನ ಮೊದಲ ಎರಡು ಭಾನುವಾರ. ರಾಗಿ ಬಿತ್ತುವುದು ಹಬ್ಬಕ್ಕೆ ಹತ್ತು ದಿನ ಇರುವಾಗ.

ಅರಳಿ ಎಲೆಯ ಕಾರ್ಡ್

ಇದು ನಾವು ಚರ್ಚಿಗೆ ಬರಲಾಗದ ಅಜ್ಜ ಅಜ್ಜಿಯರಿಗೆ ಕೊಡುವ ಉಡುಗೊರೆ. ಪ್ರತಿ ಚರ್ಚಿನ ಸಭೆಯಲ್ಲೂ ಅಂಥವರು ಹತ್ತು ಹನ್ನೆರಡು ಜನ ಇರುತ್ತಾರೆ, ಅಲ್ವಾ? ಕಾಲುನೋವು, ಕಣ್ಣಿನ ಪೊರೆ, ಆಟೋ ಹತ್ತಲಾಗುವುದಿಲ್ಲ. ಮೊದಲು ಚರ್ಚಿನ ಅಯ್ಯನವರ (ಪಾಸ್ಟರ್) ಹತ್ತಿರ ಹೆಸರುಗಳ ಪಟ್ಟಿ ಕೇಳಿ ಇಟ್ಟುಕೊಳ್ಳಿ. ಯಾರಿಗೆ ಅಂತ ಗೊತ್ತಿದ್ದರೆ ಮಗುವಿನ ಕೈ ಬೇರೆ ಥರ ಓಡುತ್ತದೆ.

ಎಲೆ ಬಲಿತಿರಬೇಕು, ಹಸಿರಾಗಿರಬೇಕು. ಕೆಂಪು ಚಿಗುರು ಬೇಡ, ನೀರಲ್ಲಿ ಕರಗಿಹೋಗುತ್ತದೆ. ಹಳದಿ ಎಲೆಯೂ ಬೇಡ, ಉಜ್ಜುವಾಗ ಹರಿಯುತ್ತದೆ. ಮಗುವಿನ ಅಂಗೈಯಷ್ಟು ದೊಡ್ಡದು ಸಾಕು. ಬಾಲ ಮುರಿಯದ ಎಲೆ ಆರಿಸಿ. ಅರಳಿ ಎಲೆಯ ಅಂದ ಇರುವುದೇ ಆ ಬಾಲದಲ್ಲಿ.

ಹಳೇ ಬಕೆಟಿನಲ್ಲಿ ನೀರು ತುಂಬಿ ಎಲೆಗಳನ್ನು ಮುಳುಗಿಸಿ, ತೇಲದ ಹಾಗೆ ಮೇಲೊಂದು ಹಂಚಿನ ಚೂರು ಇಡಿ. ಮೂರರಿಂದ ನಾಲ್ಕು ವಾರ ಬೇಕು. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ವಾಸನೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಬಕೆಟನ್ನು ಬಾವಿಕಟ್ಟೆಯ ಹತ್ತಿರವೋ ತೆಂಗಿನ ಬುಡದಲ್ಲೋ ಇಡಿ, ಚರ್ಚಿನ ವರಾಂಡದಲ್ಲಿ ಬೇಡ. ನಮ್ಮ ಬಕೆಟ್ ಒಂದು ಸಲ ವರಾಂಡದಲ್ಲಿತ್ತು. ಆ ಭಾನುವಾರ ಆರಾಧನೆ ಮುಗಿಯುವ ತನಕ ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎಲೆ ಕಂದಾಗಿ, ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಜಾರುವ ಹದಕ್ಕೆ ಬಂದಾಗ ಮಕ್ಕಳ ಕೆಲಸ ಶುರು. ಮಗುಚಿದ ಸ್ಟೀಲ್ ತಟ್ಟೆಯ ಮೇಲೆ ಎಲೆ ಹರಡಿ, ಸ್ವಲ್ಪ ನೀರು ಹಾಕಿ, ಹಳೇ ಮೆತ್ತನೆಯ ಟೂತ್‌ಬ್ರಶ್ಶಿನಿಂದ ಮೆಲ್ಲಗೆ ತಟ್ಟಬೇಕು. ಉಜ್ಜುವುದಲ್ಲ, ತಟ್ಟುವುದು. ಮೊದಲು ಏನೂ ಆಗುವುದಿಲ್ಲ. ಹತ್ತು ಹದಿನೈದು ಸಲ ತಟ್ಟಿದ ಮೇಲೆ ಹಸಿರು ಕೆಸರಿನಂತೆ ಒಂದು ಕಡೆ ಬಿಡುತ್ತದೆ. ಅಲ್ಲಿ ಸೊಳ್ಳೆಪರದೆಯಂಥ ಜಾಲರಿ ಕಾಣುತ್ತದೆ. ಆ ಹೊತ್ತಿಗೆ ಗಲಾಟೆ ಮಾಡುವ ಹುಡುಗರೂ ಉಸಿರು ಬಿಗಿಹಿಡಿದಿರುತ್ತಾರೆ. ನಡುನರದಿಂದ ಅಂಚಿನ ಕಡೆಗೆ ಹೋಗಬೇಕು. ಅಂಚಿನಿಂದ ಒಳಗೆ ಬಂದರೆ ಹರಿಯುತ್ತದೆ. ಹರಿದರೂ ಬಿಸಾಡಬೇಡಿ, ಕಾರ್ಡಿಗೆ ಹಚ್ಚಿದಾಗ ಹುಳ ತಿಂದ ಎಲೆಯ ಹಾಗೆ ಅದೂ ಚಂದವೇ.

ತೊಳೆದ ಎಲೆಯನ್ನು ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ ಎರಡು ದಿನ ಬಿಡಿ. ನಾನು ಇಡುವುದು ಕಿಟ್ಟೆಲ್ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕ. ನನ್ನಲ್ಲಿರುವುದು ಆಮೇಲಿನ ಮರುಮುದ್ರಣ. ಎಲೆ ಒತ್ತಲು ಅದಕ್ಕಿಂತ ಒಳ್ಳೆಯ ಭಾರ ನಮ್ಮ ಮನೆಯಲ್ಲಿಲ್ಲ.

ಒಣಗಿದ ಮೇಲೆ ಪೋಸ್ಟರ್ ಕಲರ್ ಅಥವಾ ಬಟ್ಟೆಗೆ ಹಚ್ಚುವ ಬಣ್ಣದಲ್ಲಿ ಒಂದೇ ಒಂದು ಚಿಕ್ಕ ಚಿತ್ರ: ಒಂದು ನಕ್ಷತ್ರ, ಒಂದು ಮೇಣದಬತ್ತಿ, ಒಂದು ಕುರಿ. ಬಣ್ಣಕ್ಕೆ ನೀರು ಕಡಿಮೆ ಹಾಕಿ. ನೀರು ಜಾಸ್ತಿಯಾದರೆ ಬಣ್ಣ ಜಾಲರಿಯ ತೂತುಗಳಲ್ಲಿ ಇಳಿದುಹೋಗುತ್ತದೆ. ಎ4 ಅಳತೆಯ ದಪ್ಪ ಕಾಗದವನ್ನು ಎರಡು ಮಾಡಿ, ಒಂದೊಂದನ್ನೂ ಮಡಚಿದರೆ ಎರಡು ಕಾರ್ಡ್ ಸಿಗುತ್ತವೆ. ಕಡುನೀಲಿ ಅಥವಾ ಕಪ್ಪು ತೆಗೆದುಕೊಳ್ಳಿ. ಬಿಳಿಯ ಮೇಲೆ ಜಾಲರಿ ಕಾಣುವುದೇ ಇಲ್ಲ. ಅಂಟನ್ನು ತೊಟ್ಟಿಗೆ ಮತ್ತು ನಡುನರಕ್ಕೆ ಎರಡು ಹನಿ ಮಾತ್ರ ಹಾಕಿ.

ಒಳಗೆ ಬರೆಯುವುದಕ್ಕೆ ಬಿಳಿ ಕಾಗದದ ತುಂಡು ಅಂಟಿಸಿ. ಬೋರ್ಡ್ ಮೇಲೆ ಒಂದು ವಾಕ್ಯ ಬರೆದು ಎಲ್ಲರೂ ನಕಲು ಮಾಡಿ ಅನ್ನಬೇಡಿ. ನಮ್ಮಲ್ಲಿ ಒಬ್ಬಳು ಬರೆದದ್ದು: "ಅಜ್ಜಿ, ನಿಮ್ಮ ಕಾಲು ಈಗ ಹೇಗುಂಟು? ನಮ್ಮ ನಾಟಕದಲ್ಲಿ ನಾನು ಕುರಿ." ಅದಕ್ಕಿಂತ ಹೆಚ್ಚೇನು ಬೇಕು?

ಬಿದಿರಿನ ನಕ್ಷತ್ರ

ತುಳುನಾಡಿನಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟುವವರು ಇನ್ನೂ ಇದ್ದಾರೆ. ಬಿದಿರಿನ ಕಡ್ಡಿ, ನೂಲು, ಬಣ್ಣದ ಕಾಗದ, ಮೈದಾ ಅಂಟು. ನಕ್ಷತ್ರಕ್ಕೂ ಬೇಕಾದ್ದು ಇಷ್ಟೇ. ಹಬ್ಬ ಮುಗಿದ ಮೇಲೆ ಅವರನ್ನು ಕೇಳಿ ನೋಡಿ, ಉಳಿದ ಕಡ್ಡಿ ಖುಷಿಯಿಂದ ಕೊಡುತ್ತಾರೆ.

ಇದನ್ನು ಎಂಟು ವರ್ಷ ದಾಟಿದವರಿಗೆ ಕೊಡಿ, ಒಂದು ನಕ್ಷತ್ರಕ್ಕೆ ಇಬ್ಬರಂತೆ. ಬೇಕಾದ್ದು 30 ಸೆಂಟಿಮೀಟರಿನ ಹತ್ತು ಕಡ್ಡಿ, 6 ಸೆಂಟಿಮೀಟರಿನ ಐದು ತುಂಡು. ಸೀಳಿದ ಬಿದಿರಿನ ಅಂಚು ಬ್ಲೇಡಿನಂತಿರುತ್ತದೆ, ಮರಳು ಕಾಗದದಲ್ಲಿ ತಿಕ್ಕಿಯೇ ಮಕ್ಕಳ ಕೈಗೆ ಕೊಡಿ.

ಎಲ್ಲರೂ ಎಡವುವುದು ಕಡ್ಡಿ ಕಟ್ಟುವಾಗ. ಒಂದು ಮೂಲೆ ಉದ್ದ, ಒಂದು ಮೋಟು. ಅದಕ್ಕೊಂದು ಉಪಾಯ ಇದೆ. ಪ್ರತಿ ಉದ್ದ ಕಡ್ಡಿಗೂ ಎರಡೂ ತುದಿಯಿಂದ ಹನ್ನೊಂದೂವರೆ ಸೆಂಟಿಮೀಟರಿಗೆ ಪೆನ್ನಿನಿಂದ ಗುರುತು ಹಾಕಿ. ನಡುವೆ 7 ಉಳಿಯುತ್ತದೆ. ಸಮನಾದ ಐದು ಮೂಲೆಯ ನಕ್ಷತ್ರದಲ್ಲಿ ಕಡ್ಡಿಗಳು ಒಂದನ್ನೊಂದು ದಾಟುವುದು ಸರಿಯಾಗಿ ಆ ಗುರುತುಗಳಲ್ಲೇ. ಗುರುತಿಗೆ ಗುರುತು ಕೂಡಿಸಿದರೆ ಸಾಕು, ಕೋನಮಾಪಕ ಬೇಡ. ದೊಡ್ಡ ನಕ್ಷತ್ರ ಬೇಕಿದ್ದರೆ 60 ಸೆಂಟಿಮೀಟರಿನ ಕಡ್ಡಿಗೆ 23ಕ್ಕೆ ಗುರುತು.

ಹೈಸ್ಕೂಲ್ ಮಕ್ಕಳಿಗೆ ಇಲ್ಲೊಂದು ಕಥೆ ಹೇಳಬಹುದು. ಜರ್ಮನಿಯ ನೀಸ್ಕಿ ಎಂಬ ಊರಲ್ಲಿ ಮೊರಾವಿಯನ್ ಸಭೆಯವರ ಹುಡುಗರ ಶಾಲೆ ಇತ್ತು. ಈಗ ಲೋಕದ ಎಷ್ಟೋ ಚರ್ಚುಗಳಲ್ಲಿ ತೂಗುವ ಬಹುಮೂಲೆಯ ಕಾಗದದ ನಕ್ಷತ್ರ 1830ರ ದಶಕದಲ್ಲಿ ಅಲ್ಲಿ ಹುಟ್ಟಿದ್ದು ರೇಖಾಗಣಿತದ ಪಾಠಕ್ಕೆ. ಲೆಕ್ಕ ಬರುವುದಿಲ್ಲ ಅಂತ ಅಳುವವರಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಅವರ ಅಳು ನಿಂತದ್ದೇನೂ ಇಲ್ಲ.

ಐದು ಕಡ್ಡಿಯಿಂದ ಒಂದು ಚೌಕಟ್ಟು. ಒಂದರ ಮೇಲೆ, ಇನ್ನೊಂದರ ಕೆಳಗೆ ಹೀಗೆ ಹೆಣೆದು, ಐದು ತುದಿ ಮತ್ತು ಐದು ಗುರುತುಗಳಲ್ಲಿ ನೂಲು ಬಿಗಿಯಿರಿ. ನೂಲನ್ನು ಅಂಟಿನಲ್ಲಿ ಅದ್ದಿಕೊಂಡರೆ ಗಂಟು ಜಾರುವುದಿಲ್ಲ. ಅಂಥದ್ದೇ ಇನ್ನೊಂದು ಚೌಕಟ್ಟು ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಜೋಡಿಸಿ ಕಟ್ಟಿ. ಈಗ ಒಳಗಿನ ಐದು ಗುರುತುಗಳಲ್ಲಿ ಚಿಕ್ಕ ತುಂಡುಗಳನ್ನು ಎರಡು ಚೌಕಟ್ಟಿನ ನಡುವೆ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಐದನೆಯ ತುಂಡು ಕೂರುವಾಗ ಚಪ್ಪಟೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ಏಳುತ್ತದೆ. ಮೊದಲ ಭಾನುವಾರ ಇಲ್ಲಿಗೆ ನಿಲ್ಲಿಸಿ.

ಅಂಟಿಗೆ ಅರ್ಧ ಲೋಟ ಮೈದಾ, ಎರಡೂವರೆ ಲೋಟ ನೀರು. ಮೈದಾವನ್ನು ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಬೆಳ್ಳಗಿದ್ದದ್ದು ಹೊಳಪು ಬಂದು ಗಂಜಿಯಂತಾದರೆ ಆಯಿತು. ಹಳಬರು ಹುಳ ಹಿಡಿಯಬಾರದೆಂದು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳು ಬೆರಳು ನೆಕ್ಕುವವರು, ಬೇಡವೇ ಬೇಡ. ಆಯಾ ವಾರದ ಅಂಟನ್ನು ಆಯಾ ವಾರ ಕುದಿಸಿ.

ಎರಡನೇ ಭಾನುವಾರ ಗಾಳಿಪಟದ ಕಾಗದ ಹಚ್ಚುವುದು. ಕಾಗದಕ್ಕೆ ಅಂಟು ಬಳಿಯಬಾರದು, ಕಡ್ಡಿಗೆ ಬಳಿದು ಅದರ ಮೇಲೆ ಕಾಗದ ಕೂರಿಸಬೇಕು. ಅಂಚಿನಲ್ಲಿ ಒಂದು ಬೆರಳಗಲ ಜಾಸ್ತಿ ಬಿಟ್ಟು ಒಳಕ್ಕೆ ಮಡಚಿ. ಎಳೆದು ಬಿಗಿ ಮಾಡುವುದು ಬೇಡ, ಒಣಗುವಾಗ ತಾನೇ ಬಿಗಿಯುತ್ತದೆ. ಹಿಂದಿನ ನಡುಭಾಗದ ಐದು ಮೂಲೆಯ ಕಿಟಕಿ ಬಿಟ್ಟುಬಿಡಿ, ಬಲ್ಬ್ ಹೋಗುವುದು ಅಲ್ಲಿಂದ. ಈ ಅಳತೆಗೆ ಚಿಕ್ಕ ಎಲ್‌ಇಡಿ ಸರವೇ ಸಾಕು. ಬಿಸಿಯಾಗುವ ಹಳೇ ಬಲ್ಬ್, ನಿಜವಾದ ಮೇಣದಬತ್ತಿ ಎರಡೂ ಬೇಡ.

ಗೋದಲಿಗೆ ಗೆರಟೆಯ ಪೈರು

ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಆರು ವರ್ಷದ ಒಳಗಿನವರಿಗೆ ಇದು. ಅಂಟಿಲ್ಲ, ಕತ್ತರಿ ಇಲ್ಲ.

ಕಣ್ಣಿರುವ ಅರ್ಧ ಗೆರಟೆ (ತೆಂಗಿನ ಚಿಪ್ಪು) ತೆಗೆದುಕೊಂಡು, ಮೆತ್ತಗಿರುವ ಕಣ್ಣನ್ನು ಚುಚ್ಚಿ ತೂತು ಮಾಡಿ, ನೀರು ಇಳಿಯಲಿ. ಉರುಳದ ಹಾಗೆ ಕೆಳಗೊಂದು ಹಳೇ ಬಳೆ ಇಡಿ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಬಿಳಿ ಮೊಳಕೆ ಕಂಡ ಮೇಲೆ ತನ್ನಿ. ಮಣ್ಣಿಗೆ ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸಿ ಗೆರಟೆ ತುಂಬಿ, ಎರಡು ಚಮಚ ರಾಗಿ ಒತ್ತಾಗಿ ಹರಡಿ, ತೆಳ್ಳಗೆ ಮಣ್ಣು ಮುಚ್ಚಿ. ಎರಡು ದಿನ ನೆರಳು, ಆಮೇಲೆ ಬೆಳಗಿನ ಬಿಸಿಲು. ನೀರನ್ನು ಚಿಮುಕಿಸಬೇಕು, ಸುರಿಯಬಾರದು. ಇದೊಂದನ್ನು ತಾಯಂದಿರಿಗೂ ಹೇಳಿ ಕಳಿಸಿ, ಮಕ್ಕಳು ಪ್ರೀತಿ ಜಾಸ್ತಿಯಾಗಿ ದಿನಕ್ಕೆ ಐದು ಸಲ ನೀರು ಹಾಕುತ್ತಾರೆ. ಹತ್ತು ದಿನಕ್ಕೆ ಎರಡಿಂಚು ಹಸಿರು ನಿಂತಿರುತ್ತದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಎಲ್ಲರೂ ತಮ್ಮ ಗೆರಟೆ ತಂದು ಗೋದಲಿಯ ಸುತ್ತ ಇಟ್ಟರೆ ಹುಲ್ಲುಗಾವಲು ತಯಾರು. 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಗೋದಲಿ ಕಟ್ಟಿದಾಗ ಜೀವಂತ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿದ್ದರು. ನಮಗೆ ಜೀವಂತ ಹಸಿರು ಸಾಕು.

ಅದರಲ್ಲಿ ಮೇಯಲು ಕುರಿ ಬೇಕಲ್ಲ. ಮಂಗಳೂರಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೇ ಇಲ್ಲಿನ ಜೇಡಿಮಣ್ಣನ್ನು ನಂಬಿ. ಅಂಥ ಮಣ್ಣು ಸಿಕ್ಕರೆ ಹೆಬ್ಬೆರಳಿಗಿಂತ ದೊಡ್ಡದಲ್ಲದ ಕುರಿ ಮಾಡಿಸಿ, ದಪ್ಪಗಾದರೆ ಬಿರುಕು ಬಿಡುತ್ತದೆ. ಬಿಸಿಲಿಗೆ ಇಡದೆ ನೆರಳಲ್ಲಿ ಐದು ದಿನ ಒಣಗಿಸಿ. ಕಾಲು ನಿಲ್ಲದಿದ್ದರೆ ಮಲಗಿದ ಕುರಿ ಅನ್ನಿ.

ಕೊಡುವ ದಿನ

ಕಾರ್ಡಿಗೆ ಸುತ್ತುವ ಕಾಗದ ಬೇಡ, ಪೇಪರಿನ ಲಕೋಟೆ ಸಾಕು. ಪ್ರತಿ ವಸ್ತುವಿನ ಹಿಂದೆ ಮಗುವಿನ ಹೆಸರನ್ನು ಮಗುವೇ ಬರೆಯಲಿ. ನಕ್ಷತ್ರಕ್ಕಾದರೆ ಕಾಗದ ಹಚ್ಚುವ ಮೊದಲೇ ಕಡ್ಡಿಯ ಮೇಲೆ ಬರೆಸಿ, ಕಾಗದ ಹರಿದರೂ ಹೆಸರು ಉಳಿಯುತ್ತದೆ.

ಅಜ್ಜ ಅಜ್ಜಿಯರ ಮನೆಗೆ ಮಕ್ಕಳನ್ನು ನಾಲ್ಕೈದು ಜನರ ಗುಂಪಾಗಿ ಕರೆದುಕೊಂಡು ಹೋಗಿ. ಜೊತೆಗೆ ಒಬ್ಬರು ಟೀಚರ್, ಒಬ್ಬರು ಹೆತ್ತವರು. ಹೋಗುವ ಮೊದಲು ಫೋನ್ ಮಾಡಿ. ಇಲ್ಲದಿದ್ದರೆ ಅಜ್ಜಿಗೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಡಬ್ಬಿ ಹುಡುಕುವ ಗಡಿಬಿಡಿಯಾಗುತ್ತದೆ. ಕಾರ್ಡನ್ನು ಮಗುವೇ ಕೈಗೆ ಕೊಡಲಿ, ನೀವು ಹಿಂದೆ ನಿಲ್ಲಿ.

ಮೂರು ಜ್ಞಾನಿಗಳ ಹಬ್ಬವಾದ ಜನವರಿ 6ರ ನಂತರ ನಕ್ಷತ್ರಗಳನ್ನು ಇಳಿಸಿ, ಕಾಗದ ಕಿತ್ತು, ಚೌಕಟ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಅಟ್ಟಕ್ಕೆ ಹಾಕಿ. ಅಂಟು ಉಳಿದರೆ ಜಿರಲೆ ಬರುತ್ತದೆ. ರಾಗಿ ಪೈರನ್ನು ಮಾತ್ರ ಮಕ್ಕಳು ವಾಪಸ್ ಕೊಡುವುದಿಲ್ಲ. ನಮ್ಮಲ್ಲಿ ಅರ್ಧ ಗೆರಟೆಗಳು ಅಂಗಳದ ದನಕ್ಕೆ ಹೋಗುತ್ತವೆ, ಇನ್ನರ್ಧ ಕಿಟಕಿಯಲ್ಲಿ ಹಳದಿಯಾಗುವವರೆಗೆ ಇರುತ್ತವೆ.