ಟೆಕ್ಸ್ಚರ್‌ಗೆ ಕನ್ನಡ ಹುಡುಕುತ್ತ ಮಗ್ಗದ ಮುಂದೆ

ಕೈಮಗ್ಗದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಾಗ, ಮೊದಲ ಪುಟದಲ್ಲೇ ನನ್ನನ್ನು ತಡೆದು ನಿಲ್ಲಿಸಿದ ಪದ ‘ಟೆಕ್ಸ್ಚರ್’. ನಿಘಂಟು ನೋಡಿ ‘ರಚನೆ’ ಎಂದು ಬರೆದೆ. ವಾಕ್ಯ ಸರಿಯಾಗಿತ್ತು, ಆದರೆ ಬಟ್ಟೆ ಮುಟ್ಟಿದ ಹಾಗೆ ಅನಿಸಲಿಲ್ಲ. ರಚನೆ ಸಮಿತಿಗೂ ಆಗುತ್ತದಲ್ಲ.

ಪದದ ಬೇರು ಹಿಡಿದು ಹೊರಟೆ. ಲ್ಯಾಟಿನ್‌ನಲ್ಲಿ ‘ಟೆಕ್ಸೆರೆ’ ಅಂದರೆ ನೇಯುವುದು; ‘ಟೆಕ್ಸ್ತೂರ’ ನೇಯ್ಗೆ. ಟೆಕ್ಸ್‌ಟೈಲ್, ಟೆಕ್ಸ್ಟ್ ಎರಡೂ ಅದೇ ಮನೆಯ ಮಕ್ಕಳು. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಟೆಕ್ಸ್ಚರ್ ಅಂದರೆ ನೇಯ್ಗೆಯೇ. ಮಣ್ಣು, ಚರ್ಮ, ಸಂಗೀತಕ್ಕೆ ಹಬ್ಬಿದ್ದು ಆಮೇಲೆ. ಸಂಸ್ಕೃತದ ‘ತಕ್ಷ್’ ಇದರ ದಾಯಾದಿ, ಆದರೆ ಅದು ಮರ ಕೆತ್ತುವವರ ಪಾಲಾಯಿತು: ತಕ್ಷಕ ಅಂದರೆ ಬಡಗಿ.

ನೇಯ್ಗೆಯ ಮಾತು ನಮ್ಮಲ್ಲೂ ಕಡಿಮೆಯಿಲ್ಲ. ‘ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಅನ್ನುವಾಗ ಹಾಸು ಉದ್ದದ ಎಳೆ, ಹೊಕ್ಕು ಅಡ್ಡ ಎಳೆ. ‘ಓತಪ್ರೋತವಾಗಿ ಮಾತಾಡಿದರು’ ಅನ್ನುತ್ತೇವೆ. ಅದೂ ಮಗ್ಗದ ಮಾತೇ: ಉದ್ದಕ್ಕೂ ಅಡ್ಡಕ್ಕೂ ನೇಯ್ದದ್ದು ಎಂದರ್ಥ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ, ಎಲ್ಲವೂ ನೀರಿನಲ್ಲಿ ಓತಪ್ರೋತವಾಗಿದ್ದರೆ ನೀರು ಯಾವುದರಲ್ಲಿ ಎಂದು ಯಾಜ್ಞವಲ್ಕ್ಯನನ್ನು ಕೇಳುತ್ತಾಳೆ. ಇದು ಹೊಳೆದ ದಿನ ನನಗೆ ಕೆಲಸವೇ ಮುಂದೆ ಸಾಗಲಿಲ್ಲ, ಅಷ್ಟು ಸಂತೋಷ.

ಆದರೂ ಮುಟ್ಟಿದಾಗ ಆಗುವ ಅನುಭವಕ್ಕೆ ಪದ ಬೇಕಿತ್ತು. ಇಳಕಲ್ಲಿಗೆ ಹೋಗಿ, ಒಬ್ಬ ಹಿರಿಯ ನೇಕಾರರ ಕುಣಿಮಗ್ಗದ, ಅಂದರೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದ, ಪಕ್ಕ ಎರಡು ದಿನ ಕೂತೆ. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕುಣಿಕೆಗೆ ಕುಣಿಕೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿದ ಜಾಗದ ಮೇಲೆ ಬೆರಳಾಡಿಸಿದೆ. ಹತ್ತಿ ಮುಗಿದು ರೇಷ್ಮೆ ಶುರುವಾಗುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ನಡುವೆ ಸಣ್ಣಗೆ ತರಿತರಿ.

“ಅಜ್ಜಾರ, ಇದಕ್ಕ ಏನಂತೀರಿ?”

ಅವರು ಉತ್ತರ ಹೇಳುವ ಮೊದಲು ಎರಡು ಹತ್ತಿ ತುಂಡು ನನ್ನ ಕೈಗಿಟ್ಟರು. ಒಂದು ಜಾಳುಜಾಳು, ಇನ್ನೊಂದು ದಟ್ಟ. ಹೊಕ್ಕನ್ನು ಬಡಿದು ಕೂರಿಸುವ, ಬಾಚಣಿಗೆಯಂಥ ಹಣಿಗೆಯತ್ತ ಕೈ ತೋರಿಸಿ ಹೇಳಿದರು:

“ನೂಲು ಎರಡಕ್ಕೂ ಒಂದ ಐತಿ ತಂಗಿ. ಹಣಿಗಿ ಬಡದದ್ದು ಬ್ಯಾರೆ. ಅದಕ್ಕ ಬಟ್ಟಿ ಮೈ ಬ್ಯಾರೆ ಬಂತು.”

ಮೈ! ಊರಿಗೆ ಬಂದು ಕರಡಿನಲ್ಲಿದ್ದ ‘ರಚನೆ’ಯನ್ನೆಲ್ಲ ಹೊಡೆದುಹಾಕಿದೆ. ಎಳೆಗಳು ಕೂಡುವ ಬಗೆ ಹೇಳುವಲ್ಲಿ ‘ನೇಯ್ಗೆ’, ಬೆರಳಿಗೆ ಸಿಗುವುದನ್ನು ಹೇಳುವಲ್ಲಿ ‘ಬಟ್ಟೆಯ ಮೈ’. ಗಂಜಿ ಹಾಕುವ ಅಧ್ಯಾಯದಲ್ಲಿ ಗಂಜಿಯ ಟೆಕ್ಸ್ಚರ್ ಬಂದಾಗ ಯೋಚಿಸಲೇ ಇಲ್ಲ. ‘ಹದ’ ಎಂದು ಬರೆದೆ.